ನೀರು ಕುಡಿದ ಜಲ್ಲಿ

ಅಣ್ಣ ನನ್ನನ್ನು ಆ ಶೀತಲ ಗೋದಾಮಿಗೆ ಕರೆದದ್ದು ಬಾಯಿ ಮುಚ್ಚಿಕೊಂಡು ನಿಲ್ಲುವುದಕ್ಕೆ. ಫೋನಿನಲ್ಲಿ ಅವನೇ ಹಾಗೆ ಹೇಳಿದ.

"ನೀನೇನೂ ಮಾತಾಡ್ಬ್ಯಾಡ ಅಮ್ಮಣ್ಣಿ. ಪೇಪರ್‌ನವ್ಳು ಅಂತ ಗೋದಾಮಿನ ಓನರ್‌ಗೆ ಗೊತ್ತೈತೆ. ಸುಮ್ಮಾ ನನ್ ಪಕ್ಕ ನಿಂತ್ಕೊ, ಸಾಕು. ಮರ್ವಾದಿಯಾಗಿ ಮಾತಾಡ್ತಾರೆ."

ನಾನು ಸೇಲಂನಲ್ಲಿ ಒಂದು ತಮಿಳು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ವರದಿಗಾರರು ಕಳಿಸಿದ ಸುದ್ದಿಯಲ್ಲಿ ಯಾರು, ಎಲ್ಲಿ, ಏನು ಎಂಬುದನ್ನು ಸರಿಮಾಡುವುದು, ಮಿಕ್ಕ ಬಣ್ಣವನ್ನು ಅಳಿಸುವುದು ನನ್ನ ಕೆಲಸ. ಕಟ್ಟಡದ ವಿದ್ಯೆ ನನಗೆ ಬಾರದು. ಗೊತ್ತಿರುವುದೆಲ್ಲ ಮನೆಯಲ್ಲಿ ಕಿವಿಗೆ ಬಿದ್ದದ್ದು. ಪೆನ್ನಾಗರಂ ಕಡೆಯ ನಮ್ಮ ಊರಿನಲ್ಲಿ ಅಪ್ಪ ಮೇಸ್ತ್ರಿಯಾಗಿದ್ದ, ಈಗ ಅಣ್ಣ ಮೇಸ್ತ್ರಿ. ನನ್ನ ವಾರದ ರಜೆಯ ದಿನ ಬೆಳಿಗ್ಗೆ ರೈಲು ಹಿಡಿದು ಮೊರಪ್ಪೂರಿನಲ್ಲಿ ಇಳಿದೆ. ಅಣ್ಣ ಬೈಕಿನ ಮೇಲೆ ಕಾದಿದ್ದ. ಅತ್ತಿಗೆ ಸಾಮಾನು ಸಾಗಿಸುವ ಸಣ್ಣ ವ್ಯಾನಿನಲ್ಲಿ ಸುತ್ತಿಗೆ, ಉಳಿ, ಹಾರೆಗಳ ಜೊತೆ ಮುಂದಾಗಿ ಹೋಗಿದ್ದಳು.

ಆ ದಿನ ತೀರ್ಮಾನವಾಗಬೇಕಿದ್ದದ್ದು ಇಷ್ಟು. ಗೋದಾಮಿನ ಮೊದಲ ಕೋಣೆಯ ನೆಲವನ್ನು ಅಣ್ಣ ಹಾಕಿದ್ದ. ಪಕ್ಕದಲ್ಲಿ ಎರಡನೆಯ ಕೋಣೆ ಏಳುವುದಿತ್ತು. ಮೊದಲ ನೆಲ ಗಟ್ಟಿಯಾಗಿದೆ ಎಂದು ಮಾಲೀಕರಿಗೆ ಒಪ್ಪಿಗೆಯಾದರೆ ಎರಡನೆಯದೂ ಅವನದೇ. ಒಪ್ಪಿಗೆಯಾಗದಿದ್ದರೆ ಕೆಲಸವೊಂದೇ ಹೋಗುವುದಿಲ್ಲ, ಆ ನೆಲಕ್ಕೆ ಹಾಕಿದ ಜಲ್ಲಿಯ ಹೆಸರೂ ಹೋಗುತ್ತದೆ. ಆ ಜಲ್ಲಿ ಅಣ್ಣ ಅತ್ತಿಗೆಯ ಸ್ವಂತ ಸರಕು.

ರಸ್ತೆ ಅಗಲ ಮಾಡುವಾಗ ನಮ್ಮ ಕಡೆ ಸಾಲುಸಾಲು ಮನೆಗಳ ಮುಂಭಾಗ ಒಡೆದರು. ಒಡೆದ ಗೋಡೆ, ತಾರಸಿ, ಕಂಬ, ಎಲ್ಲಕ್ಕೂ ಇಲ್ಲಿ ಒಂದೇ ಹೆಸರು, ರಬ್ಬೀಸು. ಅದನ್ನು ಕೆರೆಯಂಚಿಗೆ ಸುರಿದು ಬರುವುದು ವಾಡಿಕೆ. ಅತ್ತಿಗೆಗೆ ಅದನ್ನು ಸಹಿಸಲಾಗಲಿಲ್ಲ. ಕಲ್ಲು ಕಲ್ಲೇ ಅಲ್ಲವೇ ಎಂದಳು. ಇಬ್ಬರೂ ಸೇರಿ ಒಂದು ಸಣ್ಣ ಕ್ರಷರ್ ಹಾಕಿದರು. ರಬ್ಬೀಸು ತಂದು, ಕಂಬಿಯನ್ನು ಬೇರೆ ಮಾಡಿ, ಕಾಂಕ್ರೀಟನ್ನು ಒಡೆದು, ಜರಡಿ ಹಿಡಿದು, ಮತ್ತೆ ಜಲ್ಲಿ ಮಾಡುತ್ತಾರೆ. ದನದ ಕೊಟ್ಟಿಗೆ, ಕಣ, ಕಾಂಪೌಂಡಿನ ಬುನಾದಿ, ಎಲ್ಲಕ್ಕೂ ಅದು ಹೋಗುತ್ತದೆ. ಯಂತ್ರ ಅತ್ತಿಗೆಯ ವಶ, ಗಿರಾಕಿ ಅಣ್ಣನ ವಶ.

ಹೊಸ ಜಲ್ಲಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಹಳೆ ಕಲ್ಲಿನ ಮೈಗೆ ಹಳೆ ಗಾರೆ ಅಂಟಿಕೊಂಡಿರುತ್ತದೆ. ಗಾರೆಯ ತುಂಬ ಕಣ್ಣಿಗೆ ಕಾಣದ ತೂತುಗಳು. ಒಣಗಿದ ರಾಗಿ ರೊಟ್ಟಿ ಸಾರನ್ನು ಹೀರುವ ಹಾಗೆ ಅದು ನೀರನ್ನು ಹೀರುತ್ತದೆ.

ಗೋದಾಮಿನ ಮಾಲೀಕರು ಈ ಜಲ್ಲಿಯನ್ನು ತಾವಾಗಿ ಕೇಳಿ ಹಾಕಿಸಿದರು. ಹಳೆ ಕಲ್ಲನ್ನು ಮತ್ತೆ ಬಳಸಿ ಕಟ್ಟಿದ್ದು ಎಂದು ಗೇಟಿನ ಬಳಿ ಬೋರ್ಡು ಹಾಕಿಸಿದ್ದಾರೆ. ಸೇಲಂನ ಒಂದು ಕಾಲೇಜಿನಿಂದ ಇಂಜಿನಿಯರೊಬ್ಬರನ್ನೂ ಕರೆಸಿದ್ದರು. ಅವರು ಕಾಂಕ್ರೀಟಿನ ಅಚ್ಚುಗಳನ್ನು ಒತ್ತಿ ಒಡೆದು ನೋಡಿದರು. ಅಚ್ಚಿನೊಳಗೆ ಕಂಬಿ ನೆಟ್ಟು, ಎಳೆದು, ಎಷ್ಟು ಬಿಗಿಯಾಗಿ ಹಿಡಿದಿದೆ ಎಂದೂ ನೋಡಿದರು. ಚೆನ್ನಾಗಿದೆ ಎಂದರು. ಒಂದು ಮಾತು ಸೇರಿಸಿದರು. ಇದು ಸೊನ್ನೆಗಿಂತ ಕೆಳಗೆ ಇರಬೇಕಾದ ನೆಲ, ಹೇಳಿದಷ್ಟು ದಿನ ನೀರು ಕಟ್ಟಿ ನಿಲ್ಲಿಸಿ, ಆಮೇಲೆ ಪೂರ್ತಿ ಒಣಗಲು ಬಿಡಿ. ಒಳಗೆ ನೀರು ಉಳಿದಿದ್ದರೆ ಅದು ಮಂಜುಗಡ್ಡೆಯಾಗಿ ಹಿಗ್ಗುತ್ತದೆ, ಗಾರೆ ಬಿರಿಯುತ್ತದೆ, ಕಂಬಿಯ ಹಿಡಿತ ಸಡಿಲವಾಗುತ್ತದೆ.

ಈ ಮಾತನ್ನು ಅಣ್ಣ ಕೇಳಿಸಿಕೊಂಡ. ಒಪ್ಪಲಿಲ್ಲ. ನಮ್ಮದು ಒಣ ಸೀಮೆ. ಇಲ್ಲಿ ಮೇಸ್ತ್ರಿಯ ಮರ್ಯಾದೆಯನ್ನು ಅಳೆಯುವುದು ಅವನು ತನ್ನ ಕಾಂಕ್ರೀಟಿಗೆ ಎಷ್ಟು ನೀರು ಕುಡಿಸಿದ ಎಂಬುದರಿಂದ. ತಾರಸಿ ಹಾಕಿದ ಮಾರನೆಯ ದಿನ ಮಣ್ಣಿನ ಅಂಚು ಕಟ್ಟಿ, ಗದ್ದೆಯ ಹಾಗೆ ಮಡಿ ಮಾಡಿ ನೀರು ನಿಲ್ಲಿಸುತ್ತಾರೆ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಮನೆಯವರೂ ತಾರಸಿಯ ಮಡಿ ಒಣಗಲು ಬಿಡುವುದಿಲ್ಲ. ಬೇಗ ನೀರು ನಿಲ್ಲಿಸಿದವನನ್ನು ಕೆಲಸಗಳ್ಳ ಎನ್ನುತ್ತಾರೆ. "ಕಾಂಕ್ರೀಟು ಎಮ್ಮೆ ಇದ್ದಂಗೆ, ನೀರಾಗೆ ಬಿದ್ಕೊಂಡಿದ್ರೇನೆ ಅದುಕ್ಕೆ ಸುಖ" ಎಂದು ಅಪ್ಪ ಹೇಳುತ್ತಿದ್ದ. ಕಾಲೇಜಿನವರು ನಿಲ್ಲಿಸಿ ಎಂದ ದಿನ ಕಳೆದ ಮೇಲೂ ಅಣ್ಣ ನೀರು ಹಾಯಿಸಿದ. ಅತ್ತಿಗೆ ಪೈಪು ಹಿಡಿದಳು. ಮಾವಿನ ಕಾಲ ಬಂತು, ಸರಕು ಬಾಗಿಲಿಗೆ ಬಂತು, ಮಾಲೀಕರು ಶೀತದ ಯಂತ್ರ ಹಾಕಿಸಿದರು. ನೆಲದ ಮೇಲಿನ ನೀರು ಗುಡಿಸಿದ ಗುರುತು ಇನ್ನೂ ಆರಿರಲಿಲ್ಲವಂತೆ.

ಇದನ್ನೆಲ್ಲ ಅಣ್ಣ ತಪ್ಪು ಎಂದು ಹೇಳಲಿಲ್ಲ. ನೆಲಕ್ಕೆ ತಾನು ಮಾಡಿದ ಸೇವೆಯಂತೆ ಬೈಕಿನಲ್ಲಿ ವರ್ಣಿಸಿಕೊಂಡು ಬಂದ.

ಮಾಲೀಕರು ಗೇಟಿನಲ್ಲೇ ನಿಂತಿದ್ದರು. ಐವತ್ತು ದಾಟಿದ, ಬಿಳಿ ಪಂಚೆಯ, ದುಂಡು ಮೈಯ ಮನುಷ್ಯ. ಮನೆಮಾತು ತಮಿಳು, ನಮ್ಮ ಜೊತೆ ಒಡಕು ಕನ್ನಡ. ನನಗೆ ಕೈ ಮುಗಿದು "ವಾಂಗ ಮೇಡಂ" ಎಂದರು. ಕೋಣೆಯ ಬಾಗಿಲ ಬಳಿ ಕರೆದುಕೊಂಡು ಹೋಗಿ ಚಪ್ಪಲಿಯ ತುದಿಯಿಂದ ನೆಲವನ್ನು ಕೆರೆದರು. ಬಿಲ್ಲೆ ಬಿಲ್ಲೆಯಾಗಿ ಮೇಲಿನ ಪದರ ಎದ್ದು ಬಂತು.

"ಏನು ಮೇಸ್ತ್ರಿ, ಇದು ತರೆಯಾ, ಹಪ್ಪಳಮಾ?"

ತರೆ ಎಂದರೆ ತಮಿಳಿನಲ್ಲಿ ನೆಲ. ಅತ್ತಿಗೆ ನಗು ತಡೆಯಲು ಸೆರಗು ಬಾಯಿಗೆ ಹಿಡಿದಳು. ಅಣ್ಣ ನಗಲಿಲ್ಲ.

"ಮ್ಯಾಲಿನ ಚರ್ಮ ಸಾರ್, ಅಷ್ಟೆ. ಒಳ್ಗೆ ಕಲ್ಲು. ಬನ್ನಿ, ಬಡ್ದು ತೋರಿಸ್ತೀನಿ."

ಅದು ಕೀಲಿನ ಮೇಲೆ ತಿರುಗುವ ಬಾಗಿಲಲ್ಲ. ಗೇಣುದಪ್ಪದ ಹಲಗೆ, ಮೇಲಿನ ಹಳಿಯಿಂದ ತೂಗಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಕೆಳಗೆ ಓಲಾಡದಂತೆ ಹೊರಗಡೆ ನೆಲದಲ್ಲಿ ಒಂದು ಕಬ್ಬಿಣದ ಗೈಡು ಇದೆ. ಅದರ ಎರಡು ಕಂಬಿಕಾಲುಗಳು ಕಾಂಕ್ರೀಟಿನೊಳಗೆ ಇಳಿದಿವೆ. ಗೈಡಿನ ಸುತ್ತ ನೆಲ ನುಣ್ಣಗೆ, ಹೊಸ ಸಿಮೆಂಟಿನ ಬಣ್ಣದಲ್ಲಿತ್ತು. ಅಲ್ಲಿ ಹಪ್ಪಳ ಎದ್ದಿರಲಿಲ್ಲ.

ಒಳಗೆ ಹೋಗುವವರಿಗೆಂದು ಹತ್ತಿ ತುಂಬಿದ ಕೋಟು ಒಂದೇ ಇತ್ತು. ಅಣ್ಣ ಅದನ್ನು ನನಗೆ ಹಾಕಿಸಿದ. ಅವನು ಅಂಗಿಯಲ್ಲೇ ಬಂದ. ಬಿಸಿಲಿನಲ್ಲಿ ಬಂದದ್ದರಿಂದ ಅದು ಬೆನ್ನಿಗೆ ಅಂಟಿಕೊಂಡಿತ್ತು. ಮಾಲೀಕರಿಗೆ ಫೋನು ಬಂತು, ನೀವು ನಡೆಯಿರಿ ಎಂದು ಕೈ ಮಾಡಿದರು. ಶೀತ ಹೊರಗೆ ಹೋಗಬಾರದೆಂದು ಅಲ್ಲಿ ಯಾರು ಒಳಗೆ ಹೋದರೂ ಬೆನ್ನ ಹಿಂದೆಯೇ ಬಾಗಿಲು ಎಳೆಯುವುದು ಪದ್ಧತಿ. ಹಮಾಲಿಯೊಬ್ಬ ಎಳೆದ.

ಒಳಗೆ ಛಾವಣಿಯವರೆಗೆ ಪೆಟ್ಟಿಗೆಗಳು. ಮಾವಿನ ಹೋಳು, ಬಟಾಣಿ, ಕೋಳಿ. ಅಣ್ಣ ಸುತ್ತಿಗೆಯ ಹಿಡಿಯಿಂದ ನೆಲ ಬಡಿಯುತ್ತ ನಡೆದ. ನಡುವೆ ಟಣ್ ಎಂದಿತು. ಮೂಲೆಯಲ್ಲಿ ಟಣ್ ಎಂದಿತು. ಅವನ ಮುಖ ಅರಳಿತು. ಅಲ್ಲಿ ನೆಲ ಒಂದೇ ಸಮ ಮಂಜುಗಟ್ಟಿ ಮಲಗಿತ್ತು, ಕದಲುವ ಅಗತ್ಯ ಅದಕ್ಕೆ ಬಂದಿರಲಿಲ್ಲ. ಬಾಗಿಲ ಹತ್ತಿರ ಬಂದಂತೆ ಸದ್ದು ಡಬ್ ಎಂದಾಯಿತು. ಅವನು ಬಡಿಯುವುದನ್ನು ನಿಲ್ಲಿಸಿದ.

"ಸಾಕು ಬಾ. ಚಳಿ."

ಒಳಗಿನಿಂದ ತೆರೆಯಲು ಬಾಗಿಲಿನಲ್ಲಿ ಒಂದು ಹಸಿರು ಗುಂಡಿ ಇತ್ತು. ಒತ್ತಿ ತಳ್ಳಿದೆವು. ಬಾಗಿಲು ಎರಡು ಬೆರಳಗಲ ಸರಿದು, ಕೆಳಗೆಲ್ಲೋ ಕಬ್ಬಿಣ ಕಿರುಗುಟ್ಟಿ, ಓರೆಯಾಗಿ ನಿಂತಿತು. ಮತ್ತೆ ತಳ್ಳಿದೆವು. ಅದು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ.

ಅಣ್ಣ ಮಂಡಿಯೂರಿ ಸಂದಿಯಲ್ಲಿ ನೋಡಿದ. ಗೈಡು ವಾಲಿತ್ತು. ಅದರ ಒಂದು ಕಾಲು ನೆಲದಿಂದ ಎದ್ದು ಬಾಗಿಲ ಅಡಿಗೆ ಬೆಣೆಯಂತೆ ಸಿಕ್ಕಿಕೊಂಡಿತ್ತು. ಇನ್ನೊಂದು ಕಾಲು ಹೂತೇ ಇತ್ತು. ಅದು ಕಿತ್ತುಬಂದರೆ ಬಾಗಿಲು ಬಿಡುತ್ತದೆ, ಇಲ್ಲವಾದರೆ ಇಲ್ಲ.

ಹೊರಗೆ ಮೊದಲು ಅದು ಯಾರಿಗೂ ದೊಡ್ಡ ಸಂಗತಿ ಎನ್ನಿಸಲಿಲ್ಲ. ಹಮಾಲಿಗಳು ಕೂಗು ಹಾಕಿ ಎಳೆದರು. ಎಳೆದಷ್ಟೂ ಬಾಗಿಲು ಬೆಣೆಯ ಮೇಲೆ ಕೂತಿತು. ಮಾಲೀಕರು ಯಂತ್ರ ಆರಿಸಿದರು. ಗಾಳಿಯ ಸದ್ದು ನಿಂತಿತು. ಆದರೆ ಅಷ್ಟು ಸರಕು ಮಂಜುಗಟ್ಟಿ ಕೂತಿರುವಾಗ ಯಂತ್ರ ಆರಿಸಿದರೂ ಶೀತ ಇಳಿಯುವುದು ಮಾರನೆಯ ದಿನಕ್ಕೆ. ಗೋಡೆಯ ಹಲಗೆಯನ್ನು ಕತ್ತರಿಸಲು ಧರ್ಮಪುರಿಯಿಂದ ಆಳು ಬರಬೇಕು ಎಂದು ಫೋನು ಮಾಡಿದರು. ಅಗ್ನಿಶಾಮಕದವರನ್ನು ಕರೆಯಲೇ ಎಂದೂ ಕೇಳಿದರು.

"ಬ್ಯಾಡ ಸಾರ್" ಎಂದ ಅಣ್ಣ, ಸಂದಿಗೆ ಬಾಯಿಟ್ಟು. "ಜಾಕಿ ಇಕ್ಕಿ ಬಾಗ್ಲು ಎತ್ತಿ. ಅಷ್ಟ್ರಾಗೆ ಬತ್ತದೆ."

ಬೇಡ ಎನ್ನುವಾಗ ಅವನು ನನ್ನ ಕಡೆ ನೋಡಿದ. ಅಗ್ನಿಶಾಮಕದ ವಾಹನ ಬಂದರೆ ಅದು ಸಾಯಂಕಾಲದೊಳಗೆ ನಮ್ಮ ಡೆಸ್ಕಿಗೆ ಬರುವ ಸುದ್ದಿ. ಶೀತಲ ಗೋದಾಮಿನಲ್ಲಿ ಇಬ್ಬರು ಸಿಲುಕಿದರು, ನೆಲ ಕುಸಿದು ಬಾಗಿಲು ಜಾಮ್. ಯಾವ ನೆಲ, ಯಾರು ಹಾಕಿದ್ದು ಎಂದು ವರದಿಗಾರನನ್ನು ಕೇಳಬೇಕಾದವಳು ನಾನೇ.

ಜಾಕಿ ತಂದರು. ಜಾಕಿಯ ತಳದಲ್ಲಿ ನೆಲ ಪುಡಿಯಾಗಿ ಜಾಕಿಯೇ ಕುಸಿಯಿತು ಎಂದು ಹೊರಗಿನ ಬೈಗುಳದಿಂದ ತಿಳಿಯಿತು.

ಚಳಿಯ ಬಗ್ಗೆ ಹೇಳಬೇಕಾದ್ದು ಕಡಿಮೆ. ಮೂಗಿನ ಕೂದಲು ಮುಳ್ಳಾಯಿತು. ಕಾಲಿನ ರಬ್ಬರ್ ಚಪ್ಪಲಿ ಹಲಗೆಯಂತೆ ಬಿರುಸಾಯಿತು. ಅಣ್ಣನ ಅಂಗಿಯ ಬೆವರು ಗಟ್ಟಿಯಾಗಿ, ಅವನು ತೋಳು ಮಡಿಸಿದಾಗ ಬಟ್ಟೆ ಸದ್ದು ಮಾಡಿತು. ಕೋಟು ಬಿಚ್ಚಿ ಕೊಡಹೋದೆ, ಬೈದ. ಕೊನೆಗೆ ಇಬ್ಬರ ಬೆನ್ನಿಗೂ ಅಡ್ಡಲಾಗಿ ಹೊದ್ದು ಪೆಟ್ಟಿಗೆಗಳ ನಡುವಿನ ಹಾದಿಯಲ್ಲಿ ಅತ್ತಿಂದಿತ್ತ ನಡೆದೆವು. ಚಿಕ್ಕಂದಿನಲ್ಲಿ ಒಂದೇ ಗೋಣಿ ಹೊದ್ದು ಮಳೆಯಲ್ಲಿ ಶಾಲೆಯಿಂದ ಬರುತ್ತಿದ್ದೆವು. ಅವನ ಹೆಜ್ಜೆ ಆಗಲೂ ದೊಡ್ಡದು.

ಸಂದಿಯ ಬಳಿ ಕೂತಾಗ ಮಾತ್ರ ಬೆರಳಿಗೆ ಸ್ವಲ್ಪ ಜೀವ ಬರುತ್ತಿತ್ತು. ಹೊರಗಿನ ಬಿಸಿಗಾಳಿ ಅಲ್ಲಿ ಒಳಗೆ ನುಗ್ಗಿ ಬಿಳಿ ಹೊಗೆಯಾಗುತ್ತಿತ್ತು. ಹೊಗೆ ಹೊಸ್ತಿಲ ಮೇಲೆ ಇಳಿದು ತೇವವಾಗುತ್ತಿತ್ತು. ನೋಡುನೋಡುತ್ತಿದ್ದಂತೆ ತೇವದ ಮೇಲೆ ಸಣ್ಣ ಹರಳು ಕಟ್ಟುತ್ತಿತ್ತು. ಇನ್ನೊಂದು ಬಿಸಿ ಉಸಿರು ಬಂದರೆ ಹರಳು ಕರಗಿ ಬಿರುಕಿನೊಳಗೆ ಇಳಿಯುತ್ತಿತ್ತು, ಮತ್ತೆ ಹರಳಾಗುತ್ತಿತ್ತು. ಗೋದಾಮಿನ ನಡುಭಾಗಕ್ಕೆ ಒಂದೇ ಋತು. ಈ ಹೊಸ್ತಿಲಿಗೆ ಮಾತ್ರ ಬಾಗಿಲು ತೆರೆದಾಗಲೆಲ್ಲ ಬೇಸಿಗೆ, ಮುಚ್ಚಿದಾಗಲೆಲ್ಲ ಚಳಿಗಾಲ. ಮೊದಲೇ ನೀರು ಕುಡಿದು ಹೊಟ್ಟೆ ತುಂಬಿದ್ದ ಜಲ್ಲಿ ಇದನ್ನು ದಿನವೂ ಅನುಭವಿಸಿತ್ತು.

"ಅಣ್ಣ" ಎಂದೆ. "ಗೈಡಿನ ಸುತ್ತ ಹೊಸ ಸಿಮೆಂಟು ಯಾಕೈತೆ?"

ಉತ್ತರ ಸಂದಿಯ ಹೊರಗಿನಿಂದ ಬಂತು. ಅತ್ತಿಗೆ ನೆಲಕ್ಕೆ ಕೆನ್ನೆಯಿಟ್ಟು ಮಲಗಿದ್ದಳು. ಅವಳ ಒಂದು ಕಣ್ಣು, ಮೂಗುತಿ ಕಾಣುತ್ತಿತ್ತು. ಈ ಕಡೆಯ ರೂಢಿಯಂತೆ ಗಂಡನನ್ನು ಮಾವ ಎನ್ನುವ ಅವಳು ಬೇರೆಯವರಿಗೆ ಕೇಳಿಸದಂತೆ ಪಿಸುಗುಟ್ಟಿದಳು.

"ಮಾವ, ನಾನು ಯೋಳ್ಲಾ?"

"ಬ್ಯಾಡ."

"ಮತ್ತೆ ನೀನೇ ಯೋಳು."

"ಯೋಳ್ತೀನಿ ಇರು. ಹಾರೆ ಇಕ್ಕಿ ಮೀಟಕ್ ಯೋಳು ಮೊದ್ಲು."

"ಎಲ್ಲಿ ಮೀಟ್ಲಿ? ಮ್ಯಾಲೆ ನುಣ್ಣಗೆ ನಾಮ ಬಳ್ದಂಗೆ ಬಳ್ದಿದೀಯ. ಇವರು ಅದುನ್ನ ನೋಡಿ ಇಲ್ಲಿ ಗಟ್ಟಿ ಐತೆ ಅಂತ ಬ್ಯಾರೆ ಕಡೆ ಬಡೀತಾವ್ರೆ."

ಹೀಗೆ ಅವರಿಬ್ಬರ ಮಾತಿನಿಂದ ನನಗೆ ವಿಷಯ ಪೂರ್ತಿ ತಿಳಿಯಿತು. ಹೋದ ತಿಂಗಳೇ ಗೈಡು ಅಲುಗಾಡಿತ್ತು. ಮಾಲೀಕರು ಊರಿನಲ್ಲಿ ಇಲ್ಲದಾಗ ಅಣ್ಣ ಬಂದು, ಕಂಬಿಯ ಪಕ್ಕದಲ್ಲಿ ಬೆಣೆ ಬಡಿದು, ಮೇಲೆ ಹೊಸ ಸಿಮೆಂಟು ಸವರಿ ಹೋಗಿದ್ದ. ಕಲಸಿಕೊಟ್ಟವಳು ಅತ್ತಿಗೆ. ಆ ನುಣುಪಿನ ಕೆಳಗೆ ಕಾಂಕ್ರೀಟು ಅವಲಕ್ಕಿಯಾಗಿತ್ತು, ಕಂಬಿ ಅದರಲ್ಲಿ ನಿಂತಿತ್ತೇ ಹೊರತು ಹಿಡಿದಿರಲಿಲ್ಲ. ಎಲ್ಲಿ ಒಂದೇಟು ಹಾಕಿದರೆ ಎಲ್ಲ ಬಿಡುತ್ತದೆ ಎಂದು ತಿಳಿದವರು ಇಬ್ಬರು. ಒಬ್ಬ ಒಳಗಿದ್ದ, ಹೇಳುತ್ತಿರಲಿಲ್ಲ. ಇನ್ನೊಬ್ಬಳು ಹೊರಗಿದ್ದಳು, ಹೇಳಲು ಅಪ್ಪಣೆ ಇರಲಿಲ್ಲ.

ಹೇಳಿದರೆ ಆಗುವುದೇನು ಎಂದು ಅವನು ಲೆಕ್ಕ ಹಾಕಿದ್ದ. ಒಂದೇ ಏಟಿಗೆ ನೆಲ ಬಿಡುವುದನ್ನು ಮಾಲೀಕರು ಕಣ್ಣಾರೆ ನೋಡುತ್ತಾರೆ. ಎರಡನೆಯ ಕೋಣೆ ಹೋಯಿತು. ಹಳೆ ಜಲ್ಲಿಯ ಹೆಸರು ಮೊರಪ್ಪೂರಿನಿಂದ ಪೆನ್ನಾಗರಂವರೆಗೆ ಹೋಯಿತು. ಹೇಳದಿದ್ದರೆ ಧರ್ಮಪುರಿಯಿಂದ ಕತ್ತರಿಸುವವನು ಬರುತ್ತಾನೆ, ಗೋಡೆ ಕತ್ತರಿಸುತ್ತಾನೆ, ತಪ್ಪು ಬಾಗಿಲಿನದು ಎಂದಾಗುತ್ತದೆ. ಅವನು ಬರುವವರೆಗೆ ನಡೆಯುತ್ತಿದ್ದರಾಯಿತು.

"ನೀನ್ ಯೋಳ್ದೆ ಇದ್ರೆ ನಾನ್ ಯೋಳ್ತೀನಿ" ಎಂದೆ.

"ನಿನ್ನ ಕರ್ಕೊಂಡ್ ಬಂದಿದ್ದೇ ತೆಪ್ಪಗಿರು ಅಂತ."

"ಪೇಪರ್‌ನವ್ಳು ಅಂತ ಕರ್ಕೊಂಡ್ ಬಂದೆ. ಪೇಪರ್‌ನವ್ರು ತೆಪ್ಪಗಿರೋದು ಎಲ್ಲಿ ನೋಡಿದ್ದೀಯ?"

ಅವನಿಗೆ ನಗು ಬಂತು. ನಕ್ಕಾಗ ತುಟಿ ಬಿರಿದು ರಕ್ತ ಕಾಣಿಸಿತು. ನಡೆ, ನಡೆ ಎಂದ. ನಡೆದೆವು. ಮಾತು ಅವನ ಬಾಯಲ್ಲಿ ಕುಡಿದವನ ಹಾಗೆ ಎಳೆಯತೊಡಗಿತ್ತು. ಕುಡಿಯುವವನಲ್ಲ.

ನಾನು ಯಾಕೆ ಸಂದಿಗೆ ಬಾಯಿಟ್ಟು ಆಗಲೇ ಕೂಗಲಿಲ್ಲ ಎಂದು ಆಮೇಲೆ ಗೆಳತಿಯರು ಕೇಳಿದ್ದಾರೆ. ಅವನ ಮಾತನ್ನು ಅವನಿಂದ ಕಿತ್ತು ನಾನು ಹೇಳಿದ್ದರೆ ಬಾಗಿಲು ಬೇಗ ತೆರೆಯುತ್ತಿತ್ತು, ನಿಜ. ಆದರೆ ಆ ಮಾತು ಅವನದು, ಅವನೇ ಹೇಳಬೇಕಿತ್ತು. ಅತ್ತಿಗೆಯೂ ಅದನ್ನೇ ಬೇರೆ ರೀತಿಯಲ್ಲಿ ಹೇಳಿದಳು.

"ನಾನ್ ಯೋಳ್ಬುಟ್ರೆ ಸಾಯೋಗಂಟ ಆಡ್ತೀಯ ಮಾವ. ನಿನ್ನಿಂದ ಓಯ್ತು ಅಂತ. ನಿನ್ ಬಾಯಾಗೆ ಬರ್ಲಿ. ಅಮ್ಮಣ್ಣಿ ಮಕ ನೋಡು ಒಸಿ, ಯಂಗೈತೆ ಅಂತ."

ಅವನು ನೋಡಿದ. ನಾನು ನಡೆಯುವುದನ್ನು ನಿಲ್ಲಿಸಿ ಪೆಟ್ಟಿಗೆಗೆ ಒರಗಿದ್ದೆನಂತೆ. ನನಗೆ ನಿಂತದ್ದು ಗೊತ್ತಿರಲಿಲ್ಲ. ಚಳಿ ಕಡಿಮೆಯಾಗಿದೆ ಎಂದು ಅನ್ನಿಸುತ್ತಿತ್ತು, ಸ್ವಲ್ಪ ಕಣ್ಣು ಮುಚ್ಚಿದರೆ ಹಿತ ಎನ್ನಿಸುತ್ತಿತ್ತು. ಅವನು ನನ್ನ ಕೆನ್ನೆಗೆ ಹೊಡೆದ. ನೋವಾಗಲಿಲ್ಲ. ಅದು ಅವನನ್ನು ಹೆದರಿಸಿರಬೇಕು. ನೆಲಕ್ಕೆ ಬಿದ್ದು ಸಂದಿಗೆ ಬಾಯಿಟ್ಟ.

"ಗೈಡಿನ ಎಡಕ್ಕೆ" ಎಂದ. "ನಾಲ್ಕು ಬೆಳ್ಳು ಬಿಟ್ಟು. ನುಣ್ಣಗಿರೋ ಕಡೀಕೇ ಉಳಿ ಇಕ್ಕು. ಓರೆಯಾಗಿ. ಒಂದೇಟಿಗೆ ಬತ್ತದೆ."

ಮಾಲೀಕರ ಧ್ವನಿ ಹತ್ತಿರದಿಂದ ಕೇಳಿಸಿತು. ಅವರೂ ಬಗ್ಗಿದ್ದರು.

"ಒರು ಅಡಿಲಯಾ ಮೇಸ್ತ್ರಿ?" ಒಂದೇ ಏಟಿಗಾ ಎಂದು ಕೇಳಿದರು.

"ಒಂದೇ ಏಟು ಸಾರ್. ಒಳ್ಗೆ ಏನೂ ಇಲ್ಲ. ಪುಡಿ ಆಗೈತೆ. ನಂಗೆ ಗೊತ್ತು."

ಏಟು ಬಿತ್ತು. ಅತ್ತಿಗೆಯ ಕೈ ನನಗೆ ಗೊತ್ತು, ಎರಡನೆಯ ಏಟು ಬೇಕಾಗುವ ಕೈಯಲ್ಲ. ಒಡೆದ ಸದ್ದು ಬರಲಿಲ್ಲ, ಒಣ ಎಲೆ ತುಳಿದಂತಹ ಸದ್ದು ಬಂತು. ಗೈಡು ತಾನಾಗಿ ಮಗ್ಗುಲಾಯಿತು. ಬಾಗಿಲು ತೂಗಿ ನೆಟ್ಟಗಾಯಿತು. ಹಮಾಲಿಗಳು ಎಳೆದರು. ಧರ್ಮಪುರಿ ಜಿಲ್ಲೆಯ ನಡುಮಧ್ಯಾಹ್ನ ಒಟ್ಟಿಗೆ ಮೈಮೇಲೆ ಬಿತ್ತು.

ನಮ್ಮನ್ನು ಹೊರಗೆ ಬಿಸಿಲಿನ ಕಟ್ಟೆಯ ಮೇಲೆ ಕೂರಿಸಿದರು. ಅತ್ತಿಗೆ ಮೊದಲು ನನ್ನ ಪಾದ ತಿಕ್ಕಿದಳು, ಆಮೇಲೆ ಅವನದು. ತಿಕ್ಕುತ್ತ ಅವನನ್ನು ಬೈಯುತ್ತಲೇ ಇದ್ದಳು. ತಮಿಳಿನಲ್ಲಿ ಸ್ವಲ್ಪ, ಕನ್ನಡದಲ್ಲಿ ಬಹಳ. ಹಮಾಲಿಗಳು ಬಿಸಿ ಚಹಾ ತಂದರು. ಬೆರಳಿಗೆ ಲೋಟ ಹಿಡಿಯಲು ಆಗಲಿಲ್ಲ, ಅವಳೇ ಕುಡಿಸಿದಳು.

ಮಾಲೀಕರು ಬಾಗಿಲ ಬಳಿಯಿಂದ ಕಂಬಿಯನ್ನು ಎತ್ತಿಕೊಂಡು ಬಂದರು. ಅದು ಸ್ವಚ್ಛವಾಗಿತ್ತು. ಕಾಂಕ್ರೀಟಿನೊಳಗೆ ಇಷ್ಟು ದಿನ ಕೂತ ಕಂಬಿಯ ಮೈಗೆ ಸಿಮೆಂಟು ಕಚ್ಚಿರಬೇಕು, ಕಿತ್ತರೆ ಚೂರುಗಳು ಅಂಟಿಕೊಂಡೇ ಬರಬೇಕು. ಇದರ ಏಣುಗಳ ನಡುವೆ ಒಂದು ಚೂರೂ ಇರಲಿಲ್ಲ. ಮಾಲೀಕರು ಅದನ್ನು ಅಣ್ಣನ ಪಕ್ಕದಲ್ಲಿ ಇಟ್ಟರು. ಕೂಗಾಡಲಿಲ್ಲ. ಅವರು ಕೂಗಾಡುತ್ತಾರೆ ಎಂದು ನಾನು ಕಾದಿದ್ದೆ.

"ಮೇಡಂ, ಇದು ಪೇಪರ್ಲ ವರುಮಾ?" ಎಂದು ಕೇಳಿದರು.

"ಬರಲ್ಲ" ಎಂದೆ. "ಯಾರೂ ಸತ್ತಿಲ್ಲ."

ಅವರು ತಲೆಯಾಡಿಸಿ ಅಣ್ಣನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

"ಮೇಸ್ತ್ರಿ, ವಿಟ್ಟೇನ್ನು ಒಂದು ಮಾತು ಸೊಲ್ಲಿಡು. ಬೇರೆ ಆಳ್ ವೆಚ್ಚು ನಾನ್ ಪಾತ್ತುಕ್ಕಿರೇನ್."

ಬಿಟ್ಟೆ ಎಂದು ಹೇಳು, ಬೇರೆಯವರನ್ನು ಇಟ್ಟು ನಾನು ನೋಡಿಕೊಳ್ಳುತ್ತೇನೆ ಎಂದು ಅದರ ಅರ್ಥ. ಈ ಸೀಮೆಯ ಮೇಸ್ತ್ರಿಗಳಲ್ಲಿ ಒಂದು ಕಟ್ಟಳೆ ಇದೆ. ಒಬ್ಬ ಕೈ ಹಾಕಿದ ಕೆಲಸ ಕೆಟ್ಟರೆ, ಅವನಾಗಿ ಬಿಟ್ಟೆ ಎನ್ನುವವರೆಗೆ ಇನ್ನೊಬ್ಬ ಮುಟ್ಟುವುದಿಲ್ಲ. ಸೇಲಂನಿಂದ ಕರೆತಂದರೂ, ಧರ್ಮಪುರಿಯಿಂದ ಕರೆತಂದರೂ ಮೊದಲ ಪ್ರಶ್ನೆ ಅದೇ, ಹಳೆ ಮೇಸ್ತ್ರಿ ಬಿಟ್ಟನೇ. ಬಿಟ್ಟೆ ಎಂದವನು ಆ ಕೆಲಸದ ದೋಷವನ್ನೂ ಒಪ್ಪಿಕೊಂಡ ಹಾಗೆ, ಅದರಿಂದ ಬಿಡುಗಡೆಯನ್ನೂ ಪಡೆದ ಹಾಗೆ.

"ಯೋಳ್ಬುಡು ಮಾವ" ಎಂದಳು ಅತ್ತಿಗೆ, ಪಾದ ತಿಕ್ಕುವುದನ್ನು ನಿಲ್ಲಿಸದೆ. "ಒಂದು ಮಾತು. ಯೋಳ್ಬುಟ್ಟು ಓಗನ."

ಅಣ್ಣ ಕಂಬಿಯನ್ನು ಮಗುಚಿ ಮಗುಚಿ ನೋಡುತ್ತಿದ್ದ. ಆ ಮಾತು ಹೇಳಿದರೆ ಇನ್ನೊಬ್ಬ ಬಂದು ಹೊಸ್ತಿಲು ಒಡೆದು, ಕ್ವಾರಿಯ ಹೊಸ ಕಲ್ಲು ತುಂಬಿ, ಹಳೆ ಜಲ್ಲಿಯ ಗತಿ ನೋಡಿ ಎಂದು ಊರೂರಿಗೆ ಹೇಳುತ್ತಾನೆ. ಒಳಗಿನ ನೆಲ ಟಣ್ ಎನ್ನುವುದನ್ನು ಅವನು ಹೇಳುವುದಿಲ್ಲ. ಕೆಡಿಸಿದ್ದು ಜಲ್ಲಿಯಲ್ಲ, ನಿಲ್ಲಿಸದ ನೀರು ಎಂಬುದನ್ನಂತೂ ಹೇಳಲಾರ, ಯಾಕೆಂದರೆ ಅವನೂ ಹಾಗೆಯೇ ನೀರು ಕುಡಿಸುವವನು. ಹೇಳದಿದ್ದರೆ ಆ ಹೊಸ್ತಿಲು ಅಣ್ಣನ ಕುತ್ತಿಗೆಗೆ. ಮಾವಿನ ಸರಕು ಖಾಲಿಯಾಗುವವರೆಗೆ ಕೋಣೆಯನ್ನು ಬೆಚ್ಚಗೆ ಮಾಡುವಂತಿಲ್ಲ. ಅಲ್ಲಿಯವರೆಗೆ ಇದೇ ಬೇಸಿಗೆ ಚಳಿಗಾಲದ ನಡುವೆ ಕೂತು ಒಡೆದು, ತುಂಬಿ, ಅದು ಮತ್ತೆ ಎದ್ದರೆ ಮತ್ತೆ ಒಡೆಯಬೇಕು.

"ಬುಡಾಕಿಲ್ಲ" ಎಂದ.

"ಎನ್ನ?" ಏನೆಂದು ಕೇಳಿದರು ಮಾಲೀಕರು.

"ಎಲ್ಡ್ನೇ ರೂಮು ಯಾರಿಗಾನ ಕೊಡಿ ಸಾರ್. ಕೇಳಾಕಿಲ್ಲ. ಈ ಹೊಸ್ಲು ನಾನು ಬುಡಾಕಿಲ್ಲ."

ಅತ್ತಿಗೆ ಅವನ ಪಾದವನ್ನು ನೆಲಕ್ಕೆ ಬಿಟ್ಟಳು. ಅವಳು ನನ್ನ ಕಡೆ ನೋಡಿದಳು, ನಾನೇನಾದರೂ ಹೇಳುವೆನೇ ಎಂದು.

ಮಾಲೀಕರು ಎದ್ದು ಪಂಚೆ ಕೊಡವಿದರು. ಗೋದಾಮನ್ನು ನೋಡಿದರು, ಗೇಟಿನ ಬೋರ್ಡನ್ನು ನೋಡಿದರು, ಅಣ್ಣನನ್ನು ನೋಡಿದರು.

"ಅಪ್ಪೊ ನಾನುಂ ಮಾಟ್ಟಿಕ್ಕಿಟ್ಟೇನ್" ಎಂದರು. ಹಾಗಾದರೆ ನಾನೂ ಸಿಕ್ಕಿಬಿದ್ದೆ ಎಂದು. ಅದನ್ನು ಅವರು ಯಾರಿಗೂ ಹೇಳಿದಂತೆ ಇರಲಿಲ್ಲ.

ಆಮೇಲೆ ಇಬ್ಬರೂ ಹೊಸ್ತಿಲ ಬಳಿ ನಿಂತು ಯಾವಾಗ ಕೆಲಸ ಮಾಡುವುದೆಂದು ವಾದಿಸಿದರು. ಲಾರಿ ಬರುವ ಹೊತ್ತು ಬಾಗಿಲು ತೆರೆದಿರಬೇಕು, ಆಗ ಒಡೆಯಬಾರದು. ಲಾರಿ ಇಲ್ಲದ ಹೊತ್ತು ಬಾಗಿಲು ಮುಚ್ಚಿರಬೇಕು, ಆಗಲೂ ಒಡೆಯಲಾಗದು. ಅಣ್ಣನ ಕಾಲು ಇನ್ನೂ ಗಟ್ಟಿಯಾಗಿ ಊರುತ್ತಿರಲಿಲ್ಲ, ಚೌಕಟ್ಟು ಹಿಡಿದುಕೊಂಡು ಮಾತಾಡುತ್ತಿದ್ದ. ಒಣಗಲು ಎಷ್ಟು ದಿನ ಬಿಡಬೇಕು ಎಂದು ಮಾಲೀಕರು ಕೇಳಿದರು. ಕಾಲೇಜಿನವರನ್ನು ಕೇಳಿ ಎಂದ ಅಣ್ಣ. ಅತ್ತಿಗೆ ವ್ಯಾನಿನಿಂದ ಸುತ್ತಿಗೆ, ಹಾರೆಗಳನ್ನು ಒಂದೊಂದಾಗಿ ಇಳಿಸಿ ಗೋಡೆಗೆ ಒರಗಿಸುತ್ತಿದ್ದಳು.